"ಈ ವಯಸ್ಸಿಗೆ ಕಾರ್ಟೂನ್ ಹಾಡಾ?" ಅಂತ ಕೇಳುವವರಿಗೆ

ಕಾರು ಹತ್ತಿದವರು ಕೇಳುತ್ತಾರೆ, ಅಡುಗೆಮನೆಗೆ ಬಂದವರು ಕೇಳುತ್ತಾರೆ. ಹೋದ ತಿಂಗಳು ಗೃಹಪ್ರವೇಶದ ಊಟಕ್ಕೆ ಕೂತಿದ್ದಾಗ ಫೋನ್ ರಿಂಗಾಯಿತು, ಪಕ್ಕದ ಎಲೆಯವರೂ ಕೇಳಿದರು. "ಏನ್ರೀ, ಈ ವಯಸ್ಸಿಗೆ ಕಾರ್ಟೂನ್ ಹಾಡಾ?"

ನನಗೀಗ 54. ಹದಿಮೂರು ವರ್ಷ ಟೋಕಿಯೋದಲ್ಲಿ ಕೆಲಸ ಮಾಡಿ ಮೈಸೂರಿಗೆ ವಾಪಸು ಬಂದಿದ್ದೇನೆ. ನಾನು ಕೇಳುವುದು ಜಪಾನಿನ ಹಳೆಯ ಅನಿಮೆ ಧಾರಾವಾಹಿಗಳ ಶೀರ್ಷಿಕೆ ಗೀತೆಗಳನ್ನು. ಹೆಚ್ಚಿನವು 60, 70ರ ದಶಕದವು. ನಗುನಗುತ್ತ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೌದು, ಈ ವಯಸ್ಸಿಗೇ.

ವಯಸ್ಸಿನ ಮಾತು ಬಿಡಿ, ಅದು ಆಗಿದೆ. "ಕಾರ್ಟೂನ್ ಹಾಡು" ಅನ್ನುವಾಗ ದನಿಯಲ್ಲಿ ಬರುವ ಸಸಾರ ಇದೆಯಲ್ಲ, ಅದನ್ನು ನನ್ನಿಂದ ಸಹಿಸಲಾಗುವುದಿಲ್ಲ. ಮಕ್ಕಳಿಗೆ ಅಂತ ಮಾಡಿದ್ದು, ಅಂದಮೇಲೆ ಏನೋ ಒಂದು ಮಾಡಿ ಬಿಸಾಕಿರುತ್ತಾರೆ ಅನ್ನುವ ಲೆಕ್ಕ ಅದರೊಳಗಿದೆ. ಆ ಲೆಕ್ಕ ತಪ್ಪು.

ನಾನು ದಿನಾ ರೈಲು ಹತ್ತುತ್ತಿದ್ದ ತಕದನೊಬಾಬಾ ನಿಲ್ದಾಣದಲ್ಲಿ, ಯಾಮನೊತೆ ಮಾರ್ಗದ ರೈಲು ಬಾಗಿಲು ಹಾಕುವ ಮುಂಚೆ ಒಂದು ಪುಟ್ಟ ರಾಗ ಬರುತ್ತದೆ. ಅದು 1963ರ ಜನವರಿ 1ರಂದು ಟಿವಿಯಲ್ಲಿ ಶುರುವಾದ ಆಟಮ್‌ನ ರಾಗ. ಒಸಾಮು ತೆಜುಕಾ ಸೃಷ್ಟಿಸಿದ ಈ ಯಂತ್ರಬಾಲಕ ಹೊರದೇಶಗಳಲ್ಲಿ ಆಸ್ಟ್ರೋ ಬಾಯ್. ಕಥೆಯ ಪ್ರಕಾರ ಅವನು ಹುಟ್ಟಿದ್ದು 2003ರ ಏಪ್ರಿಲ್ 7ರಂದು, ಇದೇ ತಕದನೊಬಾಬಾದಲ್ಲಿ. ಅದಕ್ಕೇ ಅಲ್ಲಿ ಆ ರಾಗ. ತಲೆ ನರೆತ ಗಂಡಸರು ಬ್ರೀಫ್‌ಕೇಸ್ ಹಿಡಿದು ಅದನ್ನು ಕೇಳುತ್ತಲೇ ರೈಲಿಗೆ ಓಡುತ್ತಿದ್ದರು. ಆ ಹಾಡನ್ನು ಬರೆದವರು ಶುಂತಾರೊ ತನಿಕಾವಾ. ಜಪಾನಿನಲ್ಲಿ ಶಾಲೆಯ ಮಕ್ಕಳಿಗೂ ಗೊತ್ತಿರುವ ಕವಿ, 2024ರಲ್ಲಿ ತೀರಿಕೊಂಡರು. ಹಾರುವ ಬೊಂಬೆಯ ಹಾಡು ತಾನೇ ಅಂತ ಅವರು ಮೂಗು ಮುರಿಯಲಿಲ್ಲ.

ನನ್ನ ಅಕ್ಕನ ಮಗನಿಗೆ ನಲವತ್ತು. ಅವನೂ ಒಂದು ದಿನ ಕಾರಿನಲ್ಲಿ, "ಚಿಕ್ಕಮ್ಮ, ಇದು ಕಾರ್ಟೂನ್ ಹಾಡಲ್ವಾ?" ಅಂದ. "ನೀನು ಭಾನುವಾರ ಬೆಳಗ್ಗೆ ಸ್ನಾನ ಬಿಟ್ಟು ದೂರದರ್ಶನದ ಮುಂದೆ ಕೂರ್ತಿದ್ದೆಯಲ್ಲ, ಮೋಗ್ಲಿ, ಅದೇನು?" ಅಂದೆ. ಅದು 1989ರಲ್ಲಿ ಜಪಾನಿನ ನಿಪ್ಪಾನ್ ಅನಿಮೇಷನ್ ಮಾಡಿದ್ದು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಹಿಂದಿಯಲ್ಲಿ ಹಾಡು ಬರೆದವರು ಗುಲ್ಜಾರ್, ಸಂಗೀತ ವಿಶಾಲ್ ಭಾರದ್ವಾಜ್. ನಮ್ಮಲ್ಲೂ ದೊಡ್ಡ ಕವಿಯೇ ಕೂತು ಬರೆದದ್ದು! ಹಿಂದಿ ಪರೀಕ್ಷೆಯಲ್ಲಿ 35 ತೆಗೆಯಲು ಒದ್ದಾಡಿದ ಹುಡುಗ ಆ ಹಾಡನ್ನು ರಿಂಗ್ ರಸ್ತೆಯುದ್ದಕ್ಕೂ ಒಂದು ಪದ ಬಿಡದೆ ಹಾಡಿದ. ಆಮೇಲೆ ಅವನು ನನ್ನನ್ನು ಏನೂ ಕೇಳಿಲ್ಲ.

ಆದರೆ ನನಗೆ ಇದರ ರುಚಿ ಹತ್ತಿಸಿದವರು ನಮ್ಮ ಕಚೇರಿಯ ವಿಭಾಗದ ಮುಖ್ಯಸ್ಥರು. ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಿದವರಲ್ಲ. 2024ರಲ್ಲಿ ಅವರಿಗೆ ಅರವತ್ತಾಯಿತು, ಬೀಳ್ಕೊಡುಗೆಯ ಊಟ ಮುಗಿಸಿ ಎಲ್ಲರೂ ಕರೋಕೆಗೆ ಹೋದೆವು. ಅವರು ಕೋಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲಿಟ್ಟು, ಮೈಕ್ ಹಿಡಿದು ಎದ್ದು ನಿಂತರು. ಹಾಕಿಸಿದ್ದು 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ'. ವಿಕಿರಣದಿಂದ ಸಾಯುತ್ತಿರುವ ಭೂಮಿಯನ್ನು ಉಳಿಸಲು ಒಂದು ಹಡಗು 1,48,000 ಜ್ಯೋತಿರ್ವರ್ಷ ದೂರ ಹೋಗಿ ಒಂದೇ ವರ್ಷದಲ್ಲಿ ವಾಪಸಾಗಬೇಕಾದ ಕಥೆ. ಇಸಾವೊ ಸಸಾಕಿಯ ತುಂಬುಕಂಠದ ಹಾಡು, ಭೂಮಿಗೆ ವಿದಾಯ ಹೇಳುತ್ತಲೇ ಶುರುವಾಗುತ್ತದೆ. ನಮ್ಮ ಸಾಹೇಬರು ಎಡಗೈಯನ್ನು ಪ್ಯಾಂಟಿನ ಹೊಲಿಗೆಗೆ ಒತ್ತಿ ಹಿಡಿದು, ಧ್ವಜವಂದನೆಗೆ ನಿಂತ ಹಾಗೆ ನಿಂತು ಹಾಡಿದರು. ಮೂವತ್ತೇಳು ವರ್ಷ ಕೂತ ಕುರ್ಚಿಯನ್ನು ಅವತ್ತು ಬಿಟ್ಟು ಬಂದಿದ್ದರು. ಕುಣಿತಕ್ಕೆ ಅಂತ ತಂಬೂರಿನ್ ಹಿಡಿದಿದ್ದ ಹುಡುಗ ಅದನ್ನು ಸದ್ದಾಗದಂತೆ ತೊಡೆಯ ಮೇಲಿಟ್ಟುಕೊಂಡ.

ಕೂತ ಮೇಲೆ ಅವರು ಹೇಳಿದ್ದು: 1974ರ ಅಕ್ಟೋಬರಿನಲ್ಲಿ ಯಮಾಟೊ ಶುರುವಾದಾಗ ಅವರಿಗೆ ಹತ್ತು ವರ್ಷ. ಭಾನುವಾರ ಸಂಜೆ ಏಳೂವರೆಗೆ. ಅದೇ ಏಳೂವರೆಗೆ ಇನ್ನೊಂದು ಚಾನೆಲ್‌ನಲ್ಲಿ ಜನವರಿಯಿಂದ 'ಹೈಡಿ', ಬೆಟ್ಟದ ಮೇಲೆ ಅಜ್ಜನ ಜೊತೆ ಇರುವ ಪುಟ್ಟ ಹುಡುಗಿಯ ಕಥೆ, ಬರುತ್ತಿತ್ತು. ಮನೆಯಲ್ಲಿ ಒಂದೇ ಟಿವಿ, ಅಕ್ಕನಿಗೆ ಹನ್ನೆರಡು. ಪ್ರತಿ ವಾರ ಜಗಳ, ಪ್ರತಿ ವಾರ ಅಕ್ಕನದೇ ಗೆಲುವು. ಇವರು ಮುನಿಸಿಕೊಂಡು ಟಿವಿಗೆ ಬೆನ್ನು ಹಾಕಿ ಕೂರುತ್ತಿದ್ದರಂತೆ. ಯಮಾಟೊ ಪೂರ್ತಿ ನೋಡಿದ್ದು ಮರುಪ್ರಸಾರದಲ್ಲಿ. "ಬೆನ್ನು ತಿರುಗಿಸಬಹುದು, ಕಿವಿ ಏನು ಮಾಡೋದು," ಅಂದರು. ಅಂದವರು ಮುಂದಿನ ಹಾಡಿಗೆ ಹೈಡಿಯನ್ನೇ ಒತ್ತಿದರು, ದನಿಯನ್ನು ಮೇಲೆ ಕೆಳಗೆ ಹಾರಿಸಿ ಕೂಗುವ ಯೋಡೆಲ್‌ ಸಮೇತ ಹಾಡಿದರು. ಜಾಹೀರಾತುಗಳಲ್ಲಿ ಕೇಳಿ ಗೊತ್ತಿದ್ದ ಇಪ್ಪತ್ತನಾಲ್ಕರ ಹುಡುಗಿಯೂ ದನಿ ಸೇರಿಸಿದಳು. ಹಾಡು ಮುಗಿದ ಮೇಲೆ ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನಾವು ಯಾರೂ ಮಾತಾಡಲಿಲ್ಲ.

ಆ ರಾತ್ರಿ ಮನೆಗೆ ಬಂದು ಹೈಡಿಯ ಹಾಡನ್ನು ಹುಡುಕಿ ಕೇಳಿದೆ. ಅವತ್ತಿನಿಂದ ಬಿಟ್ಟಿಲ್ಲ.

ನನ್ನನ್ನು ಯಾರಾದರೂ ಇದನ್ನು ಕೇಳಬಾರದೇ ಅನ್ನಿಸುತ್ತದೆ: ಮಕ್ಕಳ ಹಾಡಿಗೆ ಅವರು ಅಷ್ಟೊಂದು ಮುತುವರ್ಜಿ ಯಾಕೆ ವಹಿಸಿದರು? ಕೇಳಿದರೆ ಗಂಟೆಗಟ್ಟಲೆ ಹೇಳುತ್ತೇನೆ. ಹೈಡಿಯ ಚಿತ್ರ ಬರೆಯುವ ಮುಂಚೆ ನಿರ್ದೇಶಕ ಇಸಾವೊ ತಕಹಾತಾ, ಜೊತೆಗೆ ದೃಶ್ಯಗಳ ವಿನ್ಯಾಸ ಮಾಡಿದ ಹಯಾವೊ ಮಿಯಾಜಾಕಿ, ಸ್ವಿಟ್ಜರ್ಲೆಂಡಿಗೇ ಹೋಗಿ ಬೆಟ್ಟ, ಮನೆ, ಮೇಕೆ ನೋಡಿಬಂದರು. ಹಾಡಿನ ಯೋಡೆಲ್ ಕೂಡ ಟೋಕಿಯೋ ಸ್ಟುಡಿಯೋದಲ್ಲಿ ಅನುಕರಿಸಿದ್ದಲ್ಲ, ಸ್ವಿಟ್ಜರ್ಲೆಂಡಿನಲ್ಲೇ ಅಲ್ಲಿಯ ಗಾಯಕಿಯಿಂದ ಹಾಡಿಸಿದ್ದು. ಹಾಡು ಬರೆದ ಎರಿಕೊ ಕಿಶಿದಾ ಕೂಡ ಕವಿ. (ಒಂದು ಕಾಲದಲ್ಲಿ ಅವರೂ ತನಿಕಾವಾ ಅವರೂ ಗಂಡ ಹೆಂಡತಿ!) ಆ ಹಾಡಿನ ಹೆಸರೇ 'ಹೇಳಿಕೊಡು'. ಮಗು ಅಜ್ಜನನ್ನೂ ಮರವನ್ನೂ ಪ್ರಶ್ನೆ ಕೇಳುತ್ತಾ ಹೋಗುತ್ತದೆ, ಅಷ್ಟೇ. ಒಂದೂವರೆ ನಿಮಿಷ. ಆದರೆ 52 ಕಂತು, ಅಂದರೆ ಒಂದು ಮಗು ವರ್ಷದಲ್ಲಿ 52 ಸಲ ಅದನ್ನು ಕೇಳುತ್ತದೆ. ಅಷ್ಟು ಸಲ ಕೇಳುವವರಿಗೆ ಕಳಪೆ ಕೊಡಬಾರದು ಅಂತ ಅವರಿಗೆ ಗೊತ್ತಿತ್ತು.

1972ರ ದೈತ್ಯ ರೋಬೋ ಧಾರಾವಾಹಿ 'ಮಜಿಂಗರ್ ಜೆಡ್'ನ ಶೀರ್ಷಿಕೆ ಗೀತೆ ಹಾಡಿದ ಇಚಿರೊ ಮಿಜುಕಿ, ಐವತ್ತು ವರ್ಷ ಆ ಹಾಡನ್ನು ಅದೇ ಆವೇಶದಲ್ಲಿ ಹಾಡಿದರು. 2022ರ ಡಿಸೆಂಬರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ಅದಕ್ಕೆ ಕೆಲವೇ ದಿನ ಮೊದಲು ಗಾಲಿಕುರ್ಚಿಯಲ್ಲಿ ಕೂತು ವೇದಿಕೆಯಿಂದ ಹಾಡಿದ್ದರು. ಇವರ ಹಾಡಿಗೆ ಸಸಾರ ಮಾಡುವವರು ಒಮ್ಮೆ ಕೇಳಿ, ಆಮೇಲೆ ಮಾತಾಡಿ.

ಅಮ್ಮನಿಗೆ 79, ಕೊಪ್ಪದ ಕಡೆಯವಳು. ಜಪಾನಿ ಭಾಷೆಯ ಒಂದು ಅಕ್ಷರ ಗೊತ್ತಿಲ್ಲ. ಮೊನ್ನೆ ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದಳು, ನಾನು ಹೈಡಿ ಹಾಕಿದ್ದೆ. ಯೋಡೆಲ್ ಬಂದಾಗ ಕೈ ನಿಲ್ಲಿಸಿದಳು.

"ಯಾರೇ ಅದು, ಗುಡ್ಡದ ಮೇಲಿಂದ ಕೂ ಹಾಕ್ತಿರೋದು?"

ದನಕಾಯುವವರು ಬೆಟ್ಟದಿಂದ ಬೆಟ್ಟಕ್ಕೆ ಹೀಗೇ ಕರೆಯುತ್ತಿದ್ದರು ಅಂತ ಹೇಳಿದೆ.

"ನಾವೂ ಹಾಗೇ ಅಲ್ವಾ, ತೋಟದಲ್ಲಿದ್ದ ಅಪ್ಪಯ್ಯನ್ನ ಊಟಕ್ಕೆ ಕರೀತಿದ್ದಿದ್ದು. ಇನ್ನೊಂದ್ಸಲ ಹಾಕೇ."

ಮೂರು ಸಲ ಹಾಕಿದೆ.