ಗಾಜಿನೂರಿನಿಂದ ತಂದ ಸೌತೆಕಾಯಿ

ಡಿಸೆಂಬರ್ ಮಧ್ಯದಲ್ಲಿ ಜರ್ಮನಿಯ ಎರ್ಫುರ್ಟ್‌ನ ತಂಗಿಯ ಮನೆಗೆ ಹೋದಾಗ, ಹಿತ್ತಿಲ ಗೋಡೆಗೆ ಬಲೆ ಸುತ್ತಿದ ಕ್ರಿಸ್‌ಮಸ್ ಫರ್ ಮರವೊಂದು ಒರಗಿ ನಿಂತಿತ್ತು. ಅದು ಕೆಳಗಿನ ಮನೆ ಅಜ್ಜಿಯದ್ದು. ಊರೆಲ್ಲ ದೀಪ ಹಾಕಿಕೊಂಡು ಕೂತಿರುವಾಗ ಇದೊಂದು ಯಾಕೆ ಹೀಗೆ ಬಿದ್ದಿದೆ ಅಂದೆ. "ಅಕ್ಕಾ, ಅಜ್ಜಿ ಹಳೇ ಕಾಲದವರು. ಇಪ್ಪತ್ನಾಲ್ಕನೇ ತಾರೀಖಿಗೆ ಮುಂಚೆ ಮರಾನ ಒಳಗೇ ತರಲ್ಲ. ಈ ಸಲ ಕೈ ಎತ್ತಕ್ಕಾಗಲ್ಲ, ಮರ ಸಿಂಗರಿಸಕ್ಕೆ ನೀವಿಬ್ರೂ ಬನ್ನಿ ಅಂದಿದ್ದಾರೆ" ಅಂದಳು.

ಬರಿಗೈಲಿ ಹೋಗೋದು ಹೇಗೆ? ಅದಕ್ಕೇ ಲೌಶಾಗೆ ಹೊರಟೆವು. ಥುರಿಂಗಿಯಾ ರಾಜ್ಯದ ಕಾಡುಬೆಟ್ಟಗಳ ಮಧ್ಯದ ಊರು. ಜೊನ್ನೆಬರ್ಗ್‌ನಿಂದ ಸಣ್ಣ ರೈಲು. ಲೌಶಾ ನಿಲ್ದಾಣದಲ್ಲಿ ಹಳಿ ಮುಗಿದೇ ಹೋಗುತ್ತದೆ. ಮುಂದಿನ ಊರಿಗೆ ಹೋಗಬೇಕಾದರೆ ರೈಲು ಬಂದ ಮುಖವನ್ನೇ ತಿರುಗಿಸಿಕೊಂಡು ಹೊರಡಬೇಕು. ಕಣಿವೆಯ ಉದ್ದಕ್ಕೂ ಗೋಡೆಗೂ ಕಪ್ಪು ಕಲ್ಲುಹಲಗೆ ಹೊದ್ದ ಮನೆಗಳು. 1597ರಲ್ಲಿ ಇಲ್ಲಿ ಗಾಜಿನ ಕುಲುಮೆ ಹಾಕಿದರಂತೆ. 1835ರಲ್ಲಿ ಇದೇ ಊರಿನವರು ಗಾಜಿನ ಕೃತಕ ಕಣ್ಣನ್ನೂ ಮಾಡಿದರು.

ಆದರೆ ನಾವು ಬಂದದ್ದು ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಗಾಜಿನ ಗುಂಡುಗಳಿಗೆ. ಮೊದಲು ಜರ್ಮನ್ನರ ಮರಕ್ಕೆ ಕಟ್ಟುತ್ತಿದ್ದದ್ದು ಹೆಚ್ಚಾಗಿ ತಿನ್ನುವ ವಸ್ತು. ಸ್ಟ್ರಾಸ್‌ಬರ್ಗ್‌ನ 1605ರ ಬರಹವೊಂದರಲ್ಲಿ ಸೇಬು, ತೆಳು ಬಿಸ್ಕತ್ತು, ಸಕ್ಕರೆ, ಕಾಗದದ ಗುಲಾಬಿ ಎಲ್ಲ ಬರುತ್ತವೆ. ಸೇಬು ಕೊಳ್ಳಲು ಕಾಸಿಲ್ಲದ ಲೌಶಾದ ಬಡವನೊಬ್ಬ ಗಾಜಿನಲ್ಲೇ ಸೇಬು ಊದಿದ ಅನ್ನುವ ಕತೆ ಊರವರ ಬಾಯಲ್ಲಿದೆ. ಕತೆ ಹೇಗೋ ಗೊತ್ತಿಲ್ಲ, ಲೌಶಾದ ಗಾಜು ಊದುವವನೊಬ್ಬನ 1848ರ ಆರ್ಡರ್ ಪುಸ್ತಕದಲ್ಲಿ ಕ್ರಿಸ್‌ಮಸ್ ಗುಂಡುಗಳ ಲೆಕ್ಕವಂತೂ ಇದೆ.

ಒಂದು ಕಾರ್ಖಾನೆಯಲ್ಲಿ ನಿಂತು ನೋಡಿದೆ. ಗ್ಯಾಸ್ ಜ್ವಾಲೆಯ ಮುಂದೆ ಕೂತ ಹೆಂಗಸು ಗಾಜಿನ ಕೊಳವೆಯನ್ನು ಬೆರಳಲ್ಲಿ ಬಿಡದೆ ತಿರುಗಿಸುತ್ತಿದ್ದಳು. ನಡುಭಾಗ ಕೆಂಪಾಗಿ ಜೇನಿನಂತೆ ಸಡಿಲವಾದದ್ದೇ ಜ್ವಾಲೆಯಿಂದ ಹೊರಗೆಳೆದು, ಕೆನ್ನೆ ಉಬ್ಬಿಸದೆ ಒಂದು ಸಣ್ಣ ಉಸಿರು. ಅಷ್ಟೇ, ನಿಂಬೆಹಣ್ಣಿನ ಗಾತ್ರದ ಗುಂಡು. ಆಮೇಲೆ ಒಳಗೆ ಸಿಲ್ವರ್ ನೈಟ್ರೇಟ್ ದ್ರಾವಣ ಹಾಕಿ ಬಿಸಿನೀರಲ್ಲಿ ಅಲ್ಲಾಡಿಸುತ್ತಾರೆ. ಕೊಳಕು ಕಂದು ಬಣ್ಣ ತಿರುಗಿ, ನೋಡನೋಡುತ್ತಲೇ ಕನ್ನಡಿಯಾಗುತ್ತದೆ. ಹೊರಗೆ ಬಣ್ಣ, ಕೊನೆಗೆ ಉಳಿದ ಕೊಳವೆಯ ಬಾಲ ಕತ್ತರಿಸಿ, ನೇತುಹಾಕಲು ಟೊಪ್ಪಿ. ಊರಿಗೆ 1867ರಲ್ಲಿ ಗ್ಯಾಸ್ ಬಂದ ಮೇಲೆಯೇ ಇಷ್ಟು ತೆಳುವಾಗಿ ಊದುವುದು ಸುಲಭವಾದದ್ದು. ಎಷ್ಟು ತೆಳು ಅಂತೀರಾ? ನಾನು ಎತ್ತಿಕೊಂಡ ಮೊದಲ ಗುಂಡು ಕೈಯಲ್ಲೇ ಪುಡಿಯಾಯಿತು. ದುಡ್ಡು ಕೊಟ್ಟೆ.

ಅಂಗಡಿಯಲ್ಲಿ ಹಸಿರು ಸೌತೆಕಾಯಿಯೂ ಇತ್ತು. ಜರ್ಮನ್ನರು ಮರದೊಳಗೆ ಗಾಜಿನ ಸೌತೆಕಾಯಿ ಬಚ್ಚಿಡುತ್ತಾರೆ, ಮೊದಲು ಕಂಡುಹಿಡಿದ ಮಗುವಿಗೆ ಹೆಚ್ಚಿನ ಉಡುಗೊರೆ ಅಂತ ಎಲ್ಲೋ ಓದಿದ್ದೆ. ಖುಷಿಯಿಂದ ಕೊಂಡೆ.

ಇಪ್ಪತ್ನಾಲ್ಕರ ಮಧ್ಯಾಹ್ನ ಮಕ್ಕಳನ್ನು ಹೊರಗೆ ಹಾಕಿ ಅಜ್ಜಿ ಕೋಣೆಯ ಬಾಗಿಲು ಹಾಕಿದರು. ಪೆಟ್ಟಿಗೆ ತೆಗೆದರೆ ಒಂದೊಂದು ಗುಂಡಿಗೂ ಪೂರ್ವ ಜರ್ಮನಿ ಕಾಲದ ಹಳದಿಗಟ್ಟಿದ ಪೇಪರು. ಅಮ್ಮ ದಸರಾ ಗೊಂಬೆಗಳನ್ನು ಹಳೇ ಪಂಚೆಯಲ್ಲಿ ಸುತ್ತಿಡುತ್ತಿದ್ದದ್ದು ನೆನಪಾಯಿತು. ಮೊದಲು ಜೇನುಮೇಣದ ಬತ್ತಿಗಳ ಕ್ಲಿಪ್ಪು: ಮೇಲೆ ಯಾವ ಕೊಂಬೆಯೂ ಇರಬಾರದು, ಕೊಂಬೆಯ ತುದಿಗೇ ಸಿಕ್ಕಿಸಬೇಕು. ಪಕ್ಕದಲ್ಲಿ ಬಕೆಟ್ ನೀರು. ಆಮೇಲೆ ದೊಡ್ಡ ಗುಂಡು ಕೆಳಗೆ, ಚಿಕ್ಕದು ಮೇಲೆ, ನಡುವೆ ಹುಲ್ಲಿನ ನಕ್ಷತ್ರಗಳು. ಬೆಳ್ಳಿ ಎಳೆಗಳನ್ನು, ಲಮೆಟ್ಟಾ ಅನ್ನುತ್ತಾರೆ, ಒಂದೊಂದಾಗಿ ಇಳಿಬಿಡಬೇಕು. ನಾನು ಒಂದು ಹಿಡಿ ಎಸೆದೆ. ಅಜ್ಜಿ ತಂಗಿಗೆ ಏನೋ ಗೊಣಗಿದರು, ಅನುವಾದ ಸಿಗಲಿಲ್ಲ.

ಆಗ ನನ್ನ ಸೌತೆಕಾಯಿ ಹೊರಬಂತು. "ಗುರ್ಕೆ?" ಅಜ್ಜಿ ಕನ್ನಡಕ ಏರಿಸಿ ನೋಡಿದರು. ಎಂಬತ್ತು ದಾಟಿದ ಅವರು ಅಂಥ ಪದ್ಧತಿಯನ್ನು ಕೇಳಿಯೇ ಇರಲಿಲ್ಲ! ಅದು ಅಮೆರಿಕದವರು ಜರ್ಮನ್ನರ ತಲೆಗೆ ಕಟ್ಟಿದ ಪದ್ಧತಿ ಅಂತ ತಂಗಿ ಆಮೇಲೆ ಹೇಳಿದಳು, ಮೊದಲೇ ಹೇಳಬಾರದಿತ್ತೇ. ಆದರೂ ಅಜ್ಜಿ ನಕ್ಕು, ಅದನ್ನು ಗೋಡೆ ಕಡೆಯ ಕೊಂಬೆಗೆ ಸಿಕ್ಕಿಸಿದರು.

ಸಂಜೆ ಬತ್ತಿ ಹಚ್ಚಿ ಪುಟ್ಟ ಗಂಟೆ ಬಾರಿಸಿದಾಗ ಮಕ್ಕಳು ನುಗ್ಗಿದರು. ಆಲೂಗಡ್ಡೆ ಸಲಾಡ್ ಊಟ ಮುಗಿಯುವ ಹೊತ್ತಿಗೆ ಅಜ್ಜಿಯ ಐದು ವರ್ಷದ ಮರಿಮೊಮ್ಮಗ ಮರದ ಹಿಂದಿನಿಂದ ತಲೆ ಹೊರಹಾಕಿ ಕೇಳಿದ: "ಇಲ್ಲಿಗೆ ಸೌತೆಕಾಯಿ ಹಾಕಿದ್ಯಾರು?"

ಅಜ್ಜಿ ಫೋರ್ಕಿನಲ್ಲೇ ನನ್ನ ಕಡೆ ತೋರಿಸಿದರು.