ಥುರಿಂಗಿಯಾ ಕಾಡಿನಲ್ಲಿ ಮೂರು ನಡಿಗೆ

ರೆನ್‌ಸ್ಟೈಗ್ ಕಾಲುದಾರಿಯನ್ನು ಪೂರ್ತಿ ನಡೆಯಬೇಕು ಅಂತ ನಾನು ಮತ್ತು ನನ್ನ ಹೆಂಡತಿ ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದೆವು. ಜರ್ಮನಿಯ ಥುರಿಂಗಿಯಾ ರಾಜ್ಯದಲ್ಲಿ ಬೆಟ್ಟಸಾಲಿನ ಬೆನ್ನ ಮೇಲೆ ಹೋಗುವ ದಾರಿ ಅದು. ವೆರ್ರಾ ನದಿ ದಡದ ಹ್ಯೋರ್ಷೆಲ್ ಊರಿನಲ್ಲಿ ಶುರು, ಸಾಲೆ ನದಿ ದಡದ ಬ್ಲಾಂಕೆನ್‌ಸ್ಟೈನ್‌ನಲ್ಲಿ ಕೊನೆ. ಸುಮಾರು 170 ಕಿಲೋಮೀಟರ್. ಹೊರಡುವವರು ವೆರ್ರಾದಿಂದ ಒಂದು ಸಣ್ಣ ಕಲ್ಲು ಎತ್ತಿಕೊಂಡು ಹೋಗಿ ಸಾಲೆ ನದಿಗೆ ಹಾಕುವುದು ಇಲ್ಲಿನ ರೂಢಿ.

ಅಷ್ಟರಲ್ಲಿ ಸಾಗರದಿಂದ ಅಪ್ಪ ಬಂದರು. ವಯಸ್ಸು 68, ಮಂಡಿ ನೋವು ಬೇರೆ. ಅವರನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ನಾಲ್ಕು ದಿನ, ಮೂರು ನಡಿಗೆ ಅಂತ ಯೋಜನೆ ಬದಲಾಯಿಸಿದೆವು. ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ: ಮೊದಲ ಸಲ ಹೋಗುವವರು 170 ಕಿಲೋಮೀಟರಿನ ಹಿಂದೆ ಬೀಳಬೇಡಿ. ಈ ಕಾಡಿನಲ್ಲಿ ಎರಡು ಪುಟ್ಟ ಕೋಣೆಗಳಿವೆ. ಒಂದರಲ್ಲಿ ಕ್ರೈಸ್ತ ಧರ್ಮಸುಧಾರಕ ಲೂಥರ್ ಕೂತು ಬರೆದ, ಇನ್ನೊಂದರಲ್ಲಿ ಜರ್ಮನ್ ಕವಿ ಗಯಟೆ. ಅವೆರಡನ್ನೂ ಅವಸರವಿಲ್ಲದೆ ನೋಡಿ, ನಡುವೆ ರೆನ್‌ಸ್ಟೈಗ್‌ನ ಒಂದು ತುಂಡು ನಡೆಯಿರಿ. ಸಾಕು.

ಉಳಿಯಲು ಐಸೆನಾಕ್ ಒಳ್ಳೆಯದು. ಫ್ರಾಂಕ್‌ಫರ್ಟಿನಿಂದ ವೇಗದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪಬಹುದು. ಜರ್ಮನಿಯಲ್ಲೇ ಇರುವವರ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಅಲ್ಲಿನ ಲೋಕಲ್ ರೈಲು, ಬಸ್ಸು, ಟ್ರಾಮ್ ಎಲ್ಲಕ್ಕೂ ಅದೇ ಸಾಕು. 2026ರ ಜನವರಿಯಿಂದ ಅದು ತಿಂಗಳಿಗೆ 63 ಯೂರೋ. ವೇಗದ ರೈಲಿಗೆ ಮಾತ್ರ ನಡೆಯುವುದಿಲ್ಲ, ನೆನಪಿರಲಿ.

ನಾವು ಹೋದದ್ದು ಸೆಪ್ಟೆಂಬರ್ ಕೊನೆಯ ವಾರ. ಬೀಚ್ ಮರದ ಎಲೆಗಳು ಆಗಷ್ಟೇ ಹಳದಿಗೆ ತಿರುಗುತ್ತಿದ್ದವು. ಸಂಜೆ ಏಳರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಕಾಡಿನೊಳಗೆ ಕತ್ತಲು ಅದಕ್ಕೂ ಮೊದಲೇ ಬರುತ್ತದೆ. ಜೂನ್‌ನಲ್ಲಾದರೆ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ.

ಮೊದಲ ದಿನ ವಾರ್ಟ್‌ಬುರ್ಗ್ ಕೋಟೆ. ಊರಿನಿಂದ ಕಾಡಿನ ದಾರಿಯಲ್ಲಿ ಹತ್ತಿದರೆ ಮುಕ್ಕಾಲು ಗಂಟೆ, ಒಂದು ಗಂಟೆ. ಮಂಡಿ ನೋವಿರುವವರು ಬಸ್ಸಿನಲ್ಲಿ ಕೋಟೆಯ ಕೆಳಗಿನವರೆಗೆ ಹೋಗಬಹುದು, ಅಪ್ಪ ಹಾಗೇ ಬಂದರು. ಮೇಲೆ ಸ್ವಲ್ಪ ದೂರ ಏರು ಇದೆ, ಅದನ್ನು ಎಲ್ಲರೂ ಹತ್ತಲೇಬೇಕು. ಕೋಟೆ ನೋಡಲು ಕನಿಷ್ಠ ಎರಡೂವರೆ ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಮೊದಲ ಗುಂಪಿನಲ್ಲೇ ಒಳಗೆ ಹೋದರೆ ನೂಕುನುಗ್ಗಲು ಇರುವುದಿಲ್ಲ.

1521ರ ಮೇ ತಿಂಗಳಿನಲ್ಲಿ ಮಾರ್ಟಿನ್ ಲೂಥರ್ ಇಲ್ಲಿಗೆ ಬಂದ. ಪೋಪ್ ಬಹಿಷ್ಕಾರ ಹಾಕಿದ್ದ, ಚಕ್ರವರ್ತಿಯೂ ಕೈಬಿಟ್ಟಿದ್ದ. ಸಾಕ್ಸನಿಯ ಅರಸ ಅವನನ್ನು ಇಲ್ಲಿ ಬಚ್ಚಿಟ್ಟ. ಗಡ್ಡ ಬಿಟ್ಟು, ಹೆಸರು ಬದಲಾಯಿಸಿಕೊಂಡು ಹತ್ತು ತಿಂಗಳು ಇದ್ದ. ಅಷ್ಟರಲ್ಲಿ ಸುಮಾರು ಹನ್ನೊಂದು ವಾರ ಕೂತು ಬೈಬಲ್‌ನ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜನರಾಡುವ ಜರ್ಮನ್‌ಗೆ ತಂದ. 1522ರ ಸೆಪ್ಟೆಂಬರಿನಲ್ಲಿ ಅದು ಅಚ್ಚಾಯಿತು. ಇವತ್ತಿನ ಬರಹದ ಜರ್ಮನ್ ರೂಪುಗೊಳ್ಳಲು ಅದರಿಂದ ಸಿಕ್ಕ ಬಲ ದೊಡ್ಡದು.

ಆ ಕೋಣೆ ಎಷ್ಟು ಚಿಕ್ಕದು ಗೊತ್ತಾ? ಮರದ ಹಲಗೆಯ ಗೋಡೆ, ಒಂದು ಮೇಜು, ಒಂದು ಕುರ್ಚಿ, ಕಾಲಿಡಲು ತಿಮಿಂಗಿಲದ ಬೆನ್ನೆಲುಬಿನ ತುಂಡು. ಲೂಥರ್ ದೆವ್ವದ ಮೇಲೆ ಶಾಯಿ ಕುಡಿಕೆ ಎಸೆದ ಅಂತ ಒಂದು ಕತೆ ಇದೆ. ಆ ಕಲೆ ಇದ್ದ ಜಾಗದ ಗಾರೆಯನ್ನು ಬಂದವರೆಲ್ಲ ಕೆರೆದುಕೊಂಡು ಹೋಗಿದ್ದಾರೆ, ಈಗ ಶಾಯಿಯ ಗುರುತೂ ಇಲ್ಲ. ಅಪ್ಪ ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಬಾಗಿಲ ಹತ್ತಿರ ನಿಂತವರು ಅಲುಗಲೇ ಇಲ್ಲ. ಹಿಂದೆ ಬಂದ ಎರಡು ಗುಂಪುಗಳನ್ನು ಮುಂದೆ ಬಿಟ್ಟೆವು.

ಕೋಟೆಯಿಂದ ಮಾರಿಯೆನ್‌ಟಾಲ್ ಕಣಿವೆಗೆ ಇಳಿದರೆ ಡ್ರಾಖೆನ್‌ಶ್ಲುಖ್ಟ್, ಅಂದರೆ ಡ್ರ್ಯಾಗನ್ ಕಂದರ. ಎರಡೂ ಕಡೆ ಪಾಚಿ ಹಿಡಿದ ಬಂಡೆಯ ಗೋಡೆ. ಕಾಲ ಕೆಳಗೆ ತೊರೆ, ಅದರ ಮೇಲೆ ಹಾಸಿದ ಹಲಗೆ ಮತ್ತು ಜಾಲರಿ. ತೀರಾ ಇಕ್ಕಟ್ಟಾದ ಕಡೆ ಅಗಲ 70 ಸೆಂಟಿಮೀಟರಿನಷ್ಟೇ. ಬೆನ್ನಿನ ದೊಡ್ಡ ಚೀಲವನ್ನು ಎದೆಗೆ ಹಾಕಿಕೊಳ್ಳಬೇಕಾಗುತ್ತದೆ. ಮಳೆ ಬಂದಿಲ್ಲದಿದ್ದರೂ ಹಲಗೆ ಜಾರುತ್ತದೆ, ಹಾಗಾಗಿ ಹಿಡಿತ ಇರುವ ಶೂ ಬೇಕೇ ಬೇಕು. ಇದು ಏರುಮುಖವಾಗಿ ಸಾಗುತ್ತದೆ, ಆದರೆ ಕಡಿದಲ್ಲ. ಅಪ್ಪ ಕೋಲು ಹಿಡಿದು ಅರ್ಧದವರೆಗೆ ಬಂದು ಅದೇ ದಾರಿಯಲ್ಲಿ ವಾಪಸ್ ಹೋದರು. ಮಕ್ಕಳಿದ್ದರೂ ಹೀಗೇ ಮಾಡಬಹುದು. ಪೂರ್ತಿ ಹತ್ತಿದರೆ ಹೋಹೆ ಝೊನ್ನೆ ಎಂಬ ಜಾಗದಲ್ಲಿ ರೆನ್‌ಸ್ಟೈಗ್ ಸಿಗುತ್ತದೆ. ಚಳಿಗಾಲದಲ್ಲಿ ಹಿಮ ಕಟ್ಟಿದಾಗ ಕಂದರವನ್ನು ಮುಚ್ಚುವುದುಂಟು, ಹೊರಡುವ ಮೊದಲು ವಿಚಾರಿಸಿ.

ಎರಡನೇ ದಿನ ನಾವಿಬ್ಬರೇ ಅದೇ ಹೋಹೆ ಝೊನ್ನೆಯಿಂದ ಇನ್ಸೆಲ್ಸ್‌ಬರ್ಗ್ ಬೆಟ್ಟಕ್ಕೆ ನಡೆದೆವು. ಸುಮಾರು 18 ಕಿಲೋಮೀಟರ್. ಶುರುವಿನಲ್ಲಿ 430 ಮೀಟರ್ ಎತ್ತರ, ಕೊನೆಗೆ 916. ದಾರಿ ತಪ್ಪುವ ಭಯ ಇಲ್ಲ, ಮರಗಳ ಮೇಲೆ ಬಿಳಿ ಬಣ್ಣದ ಆರ್ ಅಕ್ಷರ ಬರೆದಿರುತ್ತದೆ. ಅಲ್ಲಲ್ಲಿ ಹಳೆಯ ಗಡಿಕಲ್ಲುಗಳು. ಒಂದು ಕಾಲಕ್ಕೆ ಇಲ್ಲೆಲ್ಲ ಸಣ್ಣ ಸಣ್ಣ ಅರಸರ ಸೀಮೆಗಳು ಸೇರುತ್ತಿದ್ದವು. ಮೂರು ಸೀಮೆ ಕೂಡುವ ಕಡೆ ನೆಟ್ಟ ಕಲ್ಲಿಗೆ ಡ್ರೈಹೆರೆನ್‌ಸ್ಟೈನ್ ಅಂತಾರೆ, ಮೂರು ಒಡೆಯರ ಕಲ್ಲು. ಇಪ್ಪತ್ತನೇ ಶತಮಾನದಲ್ಲೂ ಗಡಿ ಈ ದಾರಿಯನ್ನು ಬಿಡಲಿಲ್ಲ. ದೇಶ ಎರಡು ಹೋಳಾಗಿದ್ದಾಗ ಪೂರ್ವದ ತುದಿಯ ಭಾಗಕ್ಕೆ ಯಾರೂ ಹೋಗುವಂತಿರಲಿಲ್ಲ. 1990ರಲ್ಲಷ್ಟೇ ಅದು ಮತ್ತೆ ಉದ್ದಕ್ಕೂ ತೆರೆಯಿತು. ಎದುರು ಸಿಕ್ಕ ಹಿರಿಯರೊಬ್ಬರು ‘ಗುಟ್ ರುನ್ಸ್ಟ್’ ಎಂದರು. ರೆನ್‌ಸ್ಟೈಗ್ ನಡೆಯುವವರ ನಮಸ್ಕಾರ ಅದು. ನೀವೂ ಹಾಗೇ ಹೇಳಿ, ಅವರಿಗೆ ತುಂಬಾ ಖುಷಿಯಾಗುತ್ತದೆ.

ಕಾಡು ಎಲ್ಲ ಕಡೆ ದಟ್ಟವಾಗಿಲ್ಲ. 2018ರಿಂದ ಬಂದ ಬರದ ವರ್ಷಗಳಲ್ಲಿ ಸ್ಪ್ರೂಸ್ ಮರಗಳು ಸೊರಗಿದವು, ತೊಗಟೆ ಕೊರೆಯುವ ಹುಳು ಬಿತ್ತು. ಕಡಿದ ಜಾಗಗಳು ಬೋಳಾಗಿ ಕಾಣುತ್ತವೆ. ನೋಡಲು ಸಂಕಟ ಆಗುತ್ತದೆ. ಒಣಮರದ ಕೊಂಬೆ ಬೀಳುವುದುಂಟು, ಹಾಗಾಗಿ ಜೋರು ಗಾಳಿಯ ದಿನ ಕಾಡಿಗೆ ಹೋಗಲೇಬೇಡಿ.

ಆ ದಿನ ನಮ್ಮಿಂದ ಒಂದು ತಪ್ಪಾಯಿತು. ದಾರಿಯಲ್ಲಿ ಊಟ ಸಿಗುತ್ತದೆ ಅಂತ ನಂಬಿ ಎರಡು ಬಾಳೆಹಣ್ಣು, ಒಂದು ಲೀಟರ್ ನೀರು ಮಾತ್ರ ಹಿಡಿದು ಹೊರಟಿದ್ದೆವು. ನಾವು ನಂಬಿದ್ದ ಹೋಟೆಲಿಗೆ ಅವತ್ತು ವಾರದ ರಜೆ. ಬಾಗಿಲಲ್ಲಿ ‘ರೂಹೆಟಾಗ್’ ಅಂತ ಬೋರ್ಡು. ಕೊನೆಯ ಏರಿನಲ್ಲಿ ಹೆಂಡತಿಗೆ ತಲೆ ಸುತ್ತು ಬಂತು. ಅರ್ಧ ಗಂಟೆ ಕೂತು ಸುಧಾರಿಸಿಕೊಂಡೆವು. ಆದ್ದರಿಂದ ಹೇಳುತ್ತೇನೆ: ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಚಪಾತಿಯೋ ಚಿತ್ರಾನ್ನವೋ ಕಟ್ಟಿಕೊಂಡೇ ಹೋಗಿ. ಭಾನುವಾರ ಊರಿನ ಅಂಗಡಿಗಳೂ ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಕಾರ್ಡು ಎಲ್ಲ ಕಡೆ ನಡೆಯುವುದಿಲ್ಲ, ಜೇಬಿನಲ್ಲಿ ಸ್ವಲ್ಪ ನಗದು ಇರಲಿ. ತುರ್ತಿಗೆ 112.

ಬೆಟ್ಟದಿಂದ ಬಾಡ್ ಟಾಬಾರ್ಟ್ಸ್ ಊರಿಗೆ ಇಳಿದರೆ ಅಲ್ಲಿಂದ ಗೋಟಾ ನಗರಕ್ಕೆ ಟ್ರಾಮ್ ಇದೆ. 1929ರಿಂದ ಓಡುತ್ತಿರುವ ಗಾಡಿ ಸಾಲು, ಹೊಲ ಕಾಡುಗಳ ನಡುವೆ ಸುಮಾರು ಒಂದು ಗಂಟೆ. ದಣಿದ ಕಾಲಿಗೆ ಇದಕ್ಕಿಂತ ಸುಖ ಬೇರೆ ಇಲ್ಲ. ಗೋಟಾದಿಂದ ಐಸೆನಾಕ್‌ಗೆ ರೈಲು. ಸಂಜೆ ಸಿಕ್ಕಿದಾಗ ಅಪ್ಪ ಬಾಕ್ ಮ್ಯೂಸಿಯಂನಿಂದ ಬಂದಿದ್ದರು. ಸಂಗೀತಗಾರ ಬಾಕ್ 1685ರಲ್ಲಿ ಹುಟ್ಟಿದ್ದು ಐಸೆನಾಕ್‌ನಲ್ಲೇ. ಅಲ್ಲಿ ಗಂಟೆಗೊಮ್ಮೆ ಹಳೆ ಕಾಲದ ವಾದ್ಯಗಳನ್ನು ನುಡಿಸಿ ತೋರಿಸುತ್ತಾರೆ. ಮೂರನೇ ದಿನ ವಿಶ್ರಾಂತಿ ಅಂತ ಇಟ್ಟುಕೊಂಡಿದ್ದೆವು, ಅಪ್ಪ ನಮ್ಮನ್ನೂ ಕರೆದುಕೊಂಡು ಮತ್ತೆ ಅಲ್ಲಿಗೇ ಹೋದರು.

ಸಸ್ಯಾಹಾರಿಗಳಿಗೆ ಒಂದು ಮಾತು. ಇಲ್ಲಿನ ಆಲೂಗಡ್ಡೆ ಕಡುಬು, ಕ್ಲ್ಯೋಸೆ, ತುಂಬಾ ಚೆನ್ನಾಗಿರುತ್ತದೆ. ಒಳಗೆ ಹುರಿದ ಬ್ರೆಡ್ಡಿನ ಚೂರು ಇರುತ್ತದೆ. ಆದರೆ ಮೇಲೆ ಸುರಿಯುವ ಸಾರು ಸಾಮಾನ್ಯವಾಗಿ ಮಾಂಸದ್ದು. ‘ಓನೆ ಫ್ಲೈಶ್, ಓನೆ ಷ್ಪೆಕ್’ ಅಂತ ಎರಡನ್ನೂ ಹೇಳಿ, ಅಣಬೆ ಸಾರು ಇದೆಯಾ ಕೇಳಿ. ಬರೀ ಮಾಂಸ ಬೇಡ ಅಂದರೆ ಹಂದಿಕೊಬ್ಬಿನ ಚೂರು ಬಂದುಬಿಡಬಹುದು.

ಇನ್ನು ಉಣುಗು. ಹುಲ್ಲಿನಲ್ಲಿ ಕೂರುವ ಮೊದಲು ಯೋಚಿಸಿ. ಉದ್ದ ಪ್ಯಾಂಟು ಹಾಕಿ ಕಾಲುಚೀಲದೊಳಗೆ ಸಿಕ್ಕಿಸಿ, ಸಂಜೆ ಮೈಯೆಲ್ಲ ನೋಡಿಕೊಳ್ಳಿ. ಇಲ್ಲಿನ ಉಣುಗಿನಿಂದ ಲೈಮ್ ಕಾಯಿಲೆ ಬರಬಹುದು, ಮಿದುಳುಜ್ವರವೂ ಬರಬಹುದು. ಆ ಜ್ವರದ ವೈರಸ್ಸೂ ನಮ್ಮ ಮಂಗನ ಕಾಯಿಲೆಯ ವೈರಸ್ಸೂ ಒಂದೇ ಗುಂಪಿನವು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಆ ಸೀಮೆಯಲ್ಲೇ ಬೆಳೆದ ಅಪ್ಪನಿಗೆ ಈ ವಿಷಯ ವಿವರಿಸುವ ಅಗತ್ಯವೇ ಬರಲಿಲ್ಲ. ಮಿದುಳುಜ್ವರಕ್ಕೆ ಲಸಿಕೆ ಇದೆ, ಒಂದಕ್ಕಿಂತ ಜಾಸ್ತಿ ಡೋಸ್ ಬೇಕು. ಕೆಲವು ತಿಂಗಳು ಮುಂಚೆಯೇ ವೈದ್ಯರನ್ನು ಕೇಳಿ.

ನಾಲ್ಕನೇ ದಿನ ಶನಿವಾರ, ಇಲ್ಮೆನೌ. ಬೇಕೆಂದೇ ಶನಿವಾರ ಇಟ್ಟುಕೊಂಡಿದ್ದೆವು, ಕಾರಣ ಆಮೇಲೆ ಹೇಳುತ್ತೇನೆ. ವೈಮಾರ್ ಸಂಸ್ಥಾನದ ಮಂತ್ರಿಯಾಗಿದ್ದ ಗಯಟೆ ಇಲ್ಲಿನ ಗಣಿಯ ಕೆಲಸಕ್ಕೆಂದು ಮತ್ತೆ ಮತ್ತೆ ಬರುತ್ತಿದ್ದ. ಅವನ ಹೆಸರಿನ ನಡಿಗೆದಾರಿ ಸುಮಾರು 20 ಕಿಲೋಮೀಟರ್, ಇಲ್ಮೆನೌನಿಂದ ಷ್ಟ್ಯುಟ್ಸರ್‌ಬಾಕ್‌ವರೆಗೆ. ಅವನದೇ ಕೈಬರಹದ ಜಿ ಅಕ್ಷರವೇ ಗುರುತು. ಮಾನೆಬಾಕ್ ದಾಟಿದ ಮೇಲೆ ಏರು ಕಠಿಣ. ಮೇಲೆ 861 ಮೀಟರ್ ಎತ್ತರದ ಕಿಕೆಲ್‌ಹಾನ್ ಬೆಟ್ಟ, ಅಲ್ಲೊಂದು ಮರದ ಗುಡಿಸಲು.

1780ರ ಸೆಪ್ಟೆಂಬರ್ 6ರ ರಾತ್ರಿ ಗಯಟೆ ಆ ಗುಡಿಸಲಿನಲ್ಲಿ ಉಳಿದಿದ್ದ. ಎಂಟು ಪುಟ್ಟ ಸಾಲು ಗೋಡೆಯ ಹಲಗೆಯ ಮೇಲೆ ಬರೆದ. ಬೆಟ್ಟದ ತುದಿಗಳೆಲ್ಲ ಸುಮ್ಮನಾಗಿವೆ, ಹಕ್ಕಿಗಳೂ ಸುಮ್ಮನಾಗಿವೆ, ಸ್ವಲ್ಪ ತಾಳು, ನಿನಗೂ ವಿಶ್ರಾಂತಿ ಸಿಗುತ್ತದೆ ಎಂಬ ಅರ್ಥ. ಜರ್ಮನ್ನರಿಗೆ ಬಾಯಿಪಾಠ ಇರುವ ಪದ್ಯ ಅದು. 1831ರಲ್ಲಿ, 82ನೇ ಹುಟ್ಟುಹಬ್ಬದ ಹಿಂದಿನ ದಿನ, ಮತ್ತೆ ಅಲ್ಲಿಗೆ ಹತ್ತಿ ತನ್ನದೇ ಸಾಲು ಓದಿ ಕಣ್ಣೀರು ಹಾಕಿದ. ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡ. ಮೂಲ ಗುಡಿಸಲು 1870ರಲ್ಲಿ ಸುಟ್ಟುಹೋಯಿತು, ಈಗಿರುವುದು 1874ರಲ್ಲಿ ಅದೇ ಜಾಗದಲ್ಲಿ ಕಟ್ಟಿದ್ದು. ಮಧ್ಯಾಹ್ನ ಜನ ಜಾಸ್ತಿ. ನಾಲ್ಕು ಗಂಟೆಯ ನಂತರ ಹೋದರೆ ಗಾಳಿಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ.

ಶನಿವಾರದ ಕಾರಣ ಇಷ್ಟೇ: ರೆನ್‌ಸ್ಟೈಗ್ ಷಟಲ್ ಎಂಬ ರೈಲು ಎರ್ಫುರ್ಟ್‌ನಿಂದ ಇಲ್ಮೆನೌ, ಷ್ಟ್ಯುಟ್ಸರ್‌ಬಾಕ್ ಮೂಲಕ ಬೆಟ್ಟ ಹತ್ತುವುದು ವಾರದ ಕೊನೆಯಲ್ಲಿ ಮತ್ತು ರಜಾದಿನಗಳಲ್ಲಿ ಮಾತ್ರ. ನಡೆದು ಮುಗಿಸಿ ಅದರಲ್ಲೇ ವಾಪಸ್ ಬರಬಹುದು. ಕೊನೆಯ ಗಾಡಿಯ ಸಮಯ ಬೆಳಗ್ಗೆಯೇ ನೋಡಿಟ್ಟುಕೊಳ್ಳಿ. 20 ಕಿಲೋಮೀಟರ್ ಆಗದವರು ಇಲ್ಮೆನೌನಿಂದ ಟ್ಯಾಕ್ಸಿಯಲ್ಲಿ ಗಾಬೆಲ್‌ಬಾಕ್ ಬೇಟೆಮನೆಯವರೆಗೆ ಹೋಗಿ. ಅದೂ ಈಗ ಮ್ಯೂಸಿಯಂ. ಅಲ್ಲಿಂದ ಗುಡಿಸಲಿಗೆ ಸುಮಾರು ಅರ್ಧ ಗಂಟೆಯ ನಡಿಗೆ. ಅಪ್ಪ ಆ ದಾರಿಯಲ್ಲಿ ಬಂದು, ನಾವು ತಲುಪುವ ಮೊದಲೇ ಗುಡಿಸಲಿನ ಬೆಂಚಿನ ಮೇಲೆ ಕೂತಿದ್ದರು.