ಸೈಲ್‌ಫಿಶ್ ಅಭ್ಯಾಸ, ಹದಿನಾಲ್ಕನೇ ತಿಂಗಳು: ಮೈದಾಳ ಕೆರೆ ಏರಿಯಿಂದ ಅಂಡಮಾನ್‌ಗೆ

ಸೈಲ್‌ಫಿಶ್ ಅಂದರೆ ಬೆನ್ನ ಮೇಲೆ ಹಾಯಿಯಂಥ ರೆಕ್ಕೆ, ಉದ್ದ ಕೊಕ್ಕು ಇರುವ ದೊಡ್ಡ ಸಮುದ್ರ ಮೀನು. ಅದನ್ನು ಗಾಳದಲ್ಲಿ ಹಿಡಿಯಲು ಹದಿನಾಲ್ಕು ತಿಂಗಳು ಅಭ್ಯಾಸ ಮಾಡಿ ಅಂಡಮಾನ್‌ಗೆ ಹೋಗಿದ್ದೆ, ಹೋದ ವಾರ ತುಮಕೂರಿಗೆ ವಾಪಸ್ ಬಂದೆ. ಬಲಗೈ ಹೆಬ್ಬೆರಳಿನಲ್ಲಿ ಗುಳ್ಳೆ ಇನ್ನೂ ಆರಿಲ್ಲ. ಎಲ್ಲಾ ಕಣ್ಣ ಮುಂದೆ ಇರುವಾಗಲೇ ಬರೆದಿಡುತ್ತೇನೆ.

ಮೊದಲು ಲೆಕ್ಕ. ಸಮುದ್ರದಲ್ಲಿ ಒಂದು ದಿನ. ಮೂರು ಸಲ ಸೈಲ್‌ಫಿಶ್ ಬಂತು. ಎರಡು ತಪ್ಪಿದವು. ಒಂದು ದೋಣಿಯ ಪಕ್ಕದವರೆಗೂ ಬಂತು, ಗಾಳ ಬಿಡಿಸಿ ಕಳಿಸಿಕೊಟ್ಟೆವು.

ಹಿಂದಿನ ತಿಂಗಳು ಡ್ರ್ಯಾಗ್ ಬಗ್ಗೆ ಬರೆದಿದ್ದೆ. ರೀಲ್ ಅಂದರೆ ಗಾಳದ ಕೋಲಿಗೆ (ರಾಡ್) ಕೂರಿಸಿದ ದಾರ ಸುತ್ತುವ ಚಕ್ರ, ಡ್ರ್ಯಾಗ್ ಅಂದರೆ ಅದರ ಬ್ರೇಕ್. ಮೀನು ಜೋರಾಗಿ ಎಳೆದಾಗ ದಾರ ಕಡಿಯದೆ, ಹಿಡಿತದಲ್ಲೇ ಬಿಚ್ಚಿಕೊಳ್ಳಬೇಕು. ನನ್ನದು 30 ಪೌಂಡ್ ದಾರ, ಅಂದರೆ ಸುಮಾರು 13.6 ಕೆ.ಜಿ. ಎಳೆತಕ್ಕೆ ಕಡಿಯುವಂಥದ್ದು. ಬ್ರೇಕನ್ನು ಅದರ ಕಾಲು ಭಾಗಕ್ಕೆ, ಸುಮಾರು ಮೂರೂವರೆ ಕೆ.ಜಿ.ಗೆ ಇಟ್ಟೆ. ಸೂಟ್‌ಕೇಸ್ ತೂಗುವ ಸಣ್ಣ ತಕ್ಕಡಿಗೆ ದಾರ ಕಟ್ಟಿ, ಮನೆಯ ತಾರಸಿಯಲ್ಲಿ ಎಳೆದೆಳೆದು ಅಳೆದಿದ್ದು. ಇದರಲ್ಲಿ ಒಂದು ಸೂಕ್ಷ್ಮ ಇದೆ. ದಾರ ಖಾಲಿಯಾಗುತ್ತಾ ಸುರುಳಿ ಸಣ್ಣದಾಗುತ್ತದೆ, ಬ್ರೇಕ್ ತಾನಾಗಿಯೇ ಬಿಗಿಯಾಗುತ್ತದೆ. ಸುರುಳಿಯ ವ್ಯಾಸ ಅರ್ಧಕ್ಕೆ ಇಳಿದರೆ ಎಳೆತ ಎರಡು ಪಟ್ಟು. ನೀರಿನಲ್ಲಿರುವ ಉದ್ದ ದಾರದ ಎಳೆತವೂ ಅದಕ್ಕೆ ಸೇರುತ್ತದೆ. ಅದಕ್ಕೇ ಮೀನು ದೂರ ಓಡಿದಷ್ಟೂ ಬ್ರೇಕ್ ಸಡಿಲ ಮಾಡಬೇಕು. ಮನಸ್ಸು ಹೇಳುವುದು ಇದಕ್ಕೆ ಉಲ್ಟಾ.

ಈ ಉಲ್ಟಾ ಕೆಲಸ ಕೈಗೆ ಹತ್ತಲಿ ಅಂತಲೇ ತುಮಕೂರಿನ ಹತ್ತಿರದ ಮೈದಾಳ ಕೆರೆ ಏರಿಯ ಮೇಲೆ ಅಭ್ಯಾಸ ಮಾಡಿದ್ದು. ಅಕ್ಕನ ಮಗನ ಸೈಕಲ್ಲಿನ ಕ್ಯಾರಿಯರ್‌ಗೆ ದಾರ ಕಟ್ಟಿದರೆ ಅವನು ಜೋರಾಗಿ ತುಳಿದುಕೊಂಡು ಹೋಗುವನು. ನಾನು ರಾಡ್ ಹಿಡಿದು ನಿಂತು ಬ್ರೇಕ್ ಸಡಿಲಿಸುವುದು, ಅವನು ನಿಂತ ಕೂಡಲೇ ಸುತ್ತುವುದು. ಪ್ರತಿ ಭಾನುವಾರ ಹತ್ತು ಸಲ. ಸುಸ್ತಾದರೂ "ಮಾವ, ಇನ್ನೊಂದ್ ಸಲ ಹೋಗ್ಲಾ?" ಅಂತ ಅವನೇ ಕೇಳುತ್ತಿದ್ದ. ಅವನಿಲ್ಲದೆ ಈ ಪ್ರವಾಸ ಇಲ್ಲ.

ಬೆಂಗಳೂರಿನಿಂದ ವಿಮಾನ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು. ಗಡಿಯಾರ ನಮ್ಮದೇ, ಆದರೆ ಸೂರ್ಯ ಬೇಗ ಹುಟ್ಟಿ ಬೇಗ ಮುಳುಗುತ್ತಾನೆ. ಬೆಳಿಗ್ಗೆ ಐದಕ್ಕೆಲ್ಲ ಜೆಟ್ಟಿಯಲ್ಲಿದ್ದೆವು. ವಾಂತಿ ಮಾತ್ರೆ ಹಿಂದಿನ ರಾತ್ರಿಯೇ ನುಂಗಿದ್ದೆ, ಕೆಲಸ ಮಾಡಿತು.

ದಡದ ಹತ್ತಿರ ಹಸಿರು ನೀರು. ಆಮೇಲೆ ನೀಲಿ. ಒಂದು ಗಂಟೆ ಕಳೆದ ಮೇಲೆ ನೇರಳೆ ಹಣ್ಣಿನ ಬಣ್ಣ. ನಾನು ಹುಟ್ಟಿದ್ದು ಪಾವಗಡದಲ್ಲಿ. ಟ್ಯಾಂಕರ್ ಬಂದಾಗ ಬಿಂದಿಗೆ ಹಿಡಿದು ಓಡಿದವನು. ಅಷ್ಟು ನೀರು ಸುತ್ತಲೂ ಇದ್ದಾಗ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ.

ದೋಣಿಯ ವೇಗ ಐದು ನಾಟ್, ಅಂದರೆ ಗಂಟೆಗೆ ಸುಮಾರು 9 ಕಿ.ಮೀ. ಹಿಂದೆ ನಾಲ್ಕು ದಾರ, ತುದಿಯಲ್ಲಿ ಬೈಟ್ (ಆಮಿಷ) ಆಗಿ ಸೂಜಿ ಮೂತಿಯ ಪುಟ್ಟ ಮೀನು, ಅದಕ್ಕೆ ಸರ್ಕಲ್ ಗಾಳ. ಈ ಗಾಳದ ಮೊನೆ ಒಳಕ್ಕೆ ಬಾಗಿರುತ್ತದೆ. ಮೀನು ನುಂಗಿ ತಿರುಗಿದಾಗ ಗಾಳ ಜಾರಿ ಬಂದು ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಹೊಟ್ಟೆಗೆ ಇಳಿಯುವುದು ಕಡಿಮೆ, ಹಾಗಾಗಿ ಬಿಟ್ಟ ಮೀನು ಬದುಕುವ ಸಾಧ್ಯತೆ ಜಾಸ್ತಿ. ಒಂದೇ ಷರತ್ತು, ನಾವು ರಾಡನ್ನು ಜಗ್ಗಬಾರದು.

ನಾನು ಜಗ್ಗಿದೆ. ಎರಡು ಸಲ.

ಎಂಟೂವರೆಗೆ ಮೊದಲನೆಯದು ಬಂತು. ನೀರಿನ ಕೆಳಗೆ ಕಂದು ನೆರಳು, ಬೆನ್ನ ಮೇಲಿನ ಹಾಯಿ ಅರ್ಧ ಎದ್ದಿತ್ತು. ಕೊಕ್ಕಿನಿಂದ ಬೈಟ್‌ಗೆ ಒಂದು ಏಟು ಕೊಟ್ಟಿತು. ಸೈಲ್‌ಫಿಶ್ ಬೇಟೆಯಾಡುವ ರೀತಿಯೇ ಹಾಗೆ, ಮೊದಲು ಹೊಡೆಯುತ್ತದೆ, ಆಮೇಲೆ ತಿನ್ನುತ್ತದೆ. ದಾರ ಅಲುಗಿದ ಕೂಡಲೇ ನನ್ನ ಕೈ ಎಳೆದುಬಿಟ್ಟಿತು. ಕೆರೆಯಲ್ಲಿ ರೋಹು, ಕಾಟ್ಲಾಗೆ ಗಾಳ ಹಾಕಿ ಇಪ್ಪತ್ತು ವರ್ಷ ಕಲಿತಿದ್ದು ಅದನ್ನೇ. ಬೆಂಡು ಮುಳುಗಿತಾ, ಎಳೆ. ಹತ್ತೂಕಾಲಿಗೆ ಎರಡನೆಯದು ಬಂದಾಗಲೂ ಅದೇ ಆಯಿತು. ಹದಿನಾಲ್ಕು ತಿಂಗಳು ಅಭ್ಯಾಸ ಮಾಡಿದ್ದೆಲ್ಲ ಮೀನು ಸಿಕ್ಕ ಮೇಲಿನದು. ಸಿಗುವ ಮುಂಚಿನ ಐದು ಸೆಕೆಂಡು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ದೋಣಿಯಲ್ಲಿ ಸಹಾಯಕ್ಕಿದ್ದ ಹುಡುಗನ ಮನೆಮಾತು ತೆಲುಗು. ಪಾವಗಡದವನಿಗೆ ತೆಲುಗು ಯಾರೂ ಕಲಿಸಬೇಕಿಲ್ಲ. ಮಧ್ಯಾಹ್ನ ಮೂರನೆಯದು ಬಂದಾಗ ಅವನು ನನ್ನ ಮಣಿಕಟ್ಟಿನ ಮೇಲೆ ಕೈ ಇಟ್ಟು "ಆಗಣ್ಣಾ, ಆಗು" ಅಂದ. ತಡಿ ಅಂತ. ಬ್ರೇಕ್ ಬಿಟ್ಟು, ಹೆಬ್ಬೆರಳಿನಲ್ಲಿ ಸುರುಳಿಯನ್ನು ಹಗುರವಾಗಿ ಮುಟ್ಟಿಕೊಂಡು ನಿಂತೆ. ದಾರ ಓಡುತ್ತಿತ್ತು. ಒಂದು, ಎರಡು, ಮೂರು, ನಾಲ್ಕು, ಐದು. ಬ್ರೇಕ್ ನಿಧಾನಕ್ಕೆ ಮೇಲೆ ತಂದೆ. ರಾಡ್ ತಾನಾಗಿಯೇ ಬಾಗಿತು.

ಆಮೇಲೆ ಮೀನು ಪೂರ್ತಿ ಗಾಳಿಯಲ್ಲಿತ್ತು.

ಸೈಲ್‌ಫಿಶ್ ಗಂಟೆಗೆ 110 ಕಿ.ಮೀ. ಈಜುತ್ತದೆ ಅಂತ ಹಳೆಯ ಲೆಕ್ಕ. ಈಚೆಗೆ ಅಳೆದವರು 40ರ ಒಳಗೇ ಅನ್ನುತ್ತಾರೆ. ಅಷ್ಟಕ್ಕೇ ನನ್ನ ರೀಲಿನಿಂದ ಇನ್ನೂರು ಮೀಟರ್ ದಾರ ನೋಡನೋಡುತ್ತಲೇ ಹೋಯಿತು. ಹಾರಿದಾಗಲೆಲ್ಲ ರಾಡ್ ಬಗ್ಗಿಸಿ ದಾರ ಸಡಿಲ ಕೊಟ್ಟೆ, ಓಡಿದಾಗ ಬ್ರೇಕ್ ಇಳಿಸಿದೆ. ಏರಿಯ ಮೇಲಿನ ಸೈಕಲ್ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬಂತು. ಯೋಚನೆಯನ್ನೇ ಮಾಡಲಿಲ್ಲ, ಕೈ ಮಾಡಿಕೊಂಡು ಹೋಯಿತು. ಮಂಚದ ಮೇಲೆ ಕೂತು ಎರಡು ಮೊಣಕಾಲಿಗೆ ಸಿಕ್ಕಿಸಿ ಹಾಕಿದ ಇಪ್ಪತ್ತು ಸುತ್ತಿನ ಬಿಮಿನಿ ಗಂಟೂ (ದಾರದ ತುದಿಯನ್ನು ಜೋಡಿ ಎಳೆ ಮಾಡುವ ಗಂಟು) ಜಗ್ಗಲಿಲ್ಲ. ಇಪ್ಪತ್ತೆರಡು ನಿಮಿಷ ಹಿಡಿಯಿತು.

ಮೇಲಕ್ಕೆ ಎತ್ತಲಿಲ್ಲ. ಎತ್ತಿದರೆ ಅದರ ಒಳಗೆ ಪೆಟ್ಟಾಗುತ್ತದೆ. ಗ್ಲೌಸ್ ಹಾಕಿಕೊಂಡು ಕೊಕ್ಕು ಹಿಡಿದೆ, ಸಣ್ಣ ಉಪ್ಪುಕಾಗದದ ಹಾಗೆ ತರಿತರಿ. ಗಾಳ ಬಾಯಿಯ ಮೂಲೆಯಲ್ಲೇ ಇತ್ತು, ಹುಡುಗ ಒಂದೇ ತಿರುವಿಗೆ ತೆಗೆದ. ಕಿವಿರಿಗೆ ನೀರು ಹರಿಯಲಿ ಅಂತ ದೋಣಿಯನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟರು. ಮಂಕಾಗಿದ್ದ ಮೈಯಲ್ಲಿ ನೀಲಿ ಪಟ್ಟೆಗಳು ಒಂದೊಂದಾಗಿ ವಾಪಸ್ ಬಂದವು. ಮೂರು ನಿಮಿಷ ಆಗಿರಬಹುದು. ಬಾಲ ಒಂದು ಸಲ ಬಲವಾಗಿ ಬೀಸಿತು, ಕೈ ಖಾಲಿ. ಮೂವತ್ತು ಕೆ.ಜಿ. ಇರಬಹುದು ಅಂದರು. 1947ರಲ್ಲಿ ಗಲಾಪಗೋಸ್ ಬಳಿ ಸಿಕ್ಕ ದಾಖಲೆ ಮೀನು 100 ಕೆ.ಜಿ. ಮೇಲಿತ್ತು. ನನಗೆ ಈ ಮೂವತ್ತೇ ಸಾಕು.

ಈ ಭಾನುವಾರ ಮತ್ತೆ ಏರಿಗೆ ಹೋಗಿದ್ದೆವು. ಅಭ್ಯಾಸ ಬದಲಾಗಿದೆ. ಈಗ ಅಕ್ಕನ ಮಗ ಹೇಳದೆ ಕೇಳದೆ ಸೈಕಲ್ ಹತ್ತುತ್ತಾನೆ. ನಾನು ಬೆನ್ನು ತಿರುಗಿಸಿ ನಿಂತಿರುತ್ತೇನೆ. ದಾರ ಅಲುಗಿದರೆ ಜಗ್ಗದೆ ಐದರವರೆಗೆ ಎಣಿಸಬೇಕು. ಹತ್ತರಲ್ಲಿ ಆರು ಸಲ ಆಯಿತು.